ಚಿಕ್ಕಪ್ಪನ ವಿಮಾನ, ನನ್ನ ಕೆಪಾಸಿಟರ್

ನಮ್ಮ ಮುಳಬಾಗಿಲಿನ ಮನೆಯಲ್ಲಿ ಚಿಕ್ಕಪ್ಪನಿಗೆ ಮಾತ್ರ ಕಾಫಿ ಅರ್ಧ ಲೋಟ ಬರುತ್ತಿತ್ತು. ಅದು ಮುಗಿದ ಮೇಲೆ ಇನ್ನರ್ಧ. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಅವರ ಬಲಗೈ ನಡುಗಲು ಶುರುವಾಗಿತ್ತು, ತುಂಬಿದ ಲೋಟ ಕೊಟ್ಟರೆ ಪಂಚೆಯ ಮೇಲೆ ಚೆಲ್ಲುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಪ್ರಾಣಕ್ಕೇನೂ ಭಯವಿಲ್ಲ, ಆದರೆ ಪೂರ್ತಿ ವಾಸಿಯಾಗುವುದೂ ಇಲ್ಲ ಎಂದಿದ್ದರು. ಅಮ್ಮ ಒಂದು ಬೆಳಿಗ್ಗೆ ಏನೂ ಹೇಳದೆ ಅರ್ಧ ಲೋಟ ತಂದಿಟ್ಟರು. ಅವರು ಏನೂ ಕೇಳದೆ ಕುಡಿದರು. ಅಲ್ಲಿಗೆ ಆ ವಿಷಯ ಮುಗಿಯಿತು. ಆಮೇಲೆ ಮನೆಯಲ್ಲಿ ಯಾರೂ ಆ ಕೈಯ ಹೆಸರೆತ್ತಲಿಲ್ಲ. ದೊಡ್ಡವರ ಕುಂದನ್ನು ಬಾಯಿಬಿಟ್ಟು ಆಡಬಾರದು, ಕಂಡೂ ಕಾಣದ ಹಾಗೆ ಅನುಕೂಲ ಮಾಡಿಕೊಡಬೇಕು, ಇದು ನಮ್ಮ ಮನೆಯ ಪದ್ಧತಿ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಆ ಜಂಬದಲ್ಲಿ ನಾನು ಮಾಡಿದ ಒಂದು ಘನಕಾರ್ಯವನ್ನು ಇಲ್ಲಿ ಹೇಳಬೇಕು.

ಚಿಕ್ಕಪ್ಪ ನಮ್ಮಪ್ಪನ ತಮ್ಮ. ಮದುವೆಯಾಗಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಊರಿನವರಿಗೆಲ್ಲ ಅವರು ಮುತ್ತು ಪೋಣಿಸಿದ ಹಾಗೆ ಬರೆಯುವ ಗುಮಾಸ್ತರು, ನನಗೆ ಮಾತ್ರ ಮಾದರಿ ವಿಮಾನ ಕಟ್ಟುವ ಚಿಕ್ಕಪ್ಪ. ವರ್ಗವಾದ ಕಡೆಯೆಲ್ಲ ಅವರು ಮೊದಲು ಹುಡುಕುತ್ತಿದ್ದುದು ಬಾಡಿಗೆ ಕೋಣೆಯನ್ನಲ್ಲ, ಬಯಲನ್ನು. ಮಾಲೂರಿನಲ್ಲಿದ್ದಾಗ ಭಾನುವಾರ ಪ್ಯಾಸೆಂಜರ್ ರೈಲು ಹಿಡಿದು ಟೇಕಲ್‌ಗೆ ಹೋಗಿ, ಬೆಟ್ಟದ ಕೆಳಗಿನ ಕೊಯ್ಲಾದ ಹೊಲಗಳಲ್ಲಿ ಹಾರಿಸುತ್ತಿದ್ದರು. ಶ್ರೀನಿವಾಸಪುರಕ್ಕೆ ಹಾಕಿದಾಗ ಕಷ್ಟವಾಯಿತು, ಎತ್ತ ನೋಡಿದರೂ ಮಾವಿನ ತೋಪು. ಯಲ್ದೂರಿನ ತೋಪಿನವರೊಬ್ಬರು ಕಾಯಿ ಕೀಳಿಸುವಾಗ ಅದರ ಜೊತೆ ಒಂದು ರೆಕ್ಕೆಯನ್ನೂ ಇಳಿಸಿ, ಕಚೇರಿಗೆ ತಂದು, ಸಾಹೇಬರ ಎದುರಿಗೇ ಇವರ ಮೇಜಿನ ಮೇಲೆ ಇಟ್ಟುಹೋದರಂತೆ. ಅದನ್ನು ಹೇಳಿಕೊಂಡು ಅವರೇ ನಗುತ್ತಿದ್ದರು.

ಆ ಕಾಲದ ವಿಮಾನಗಳು ದೊಡ್ಡವು, ಎಣ್ಣೆಯ ಎಂಜಿನ್ನಿನವು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಒಬ್ಬ ಸ್ನೇಹಿತರು ಹಳೆಯ ರೇಡಿಯೋ ಸೆಟ್ ತಂದುಕೊಟ್ಟಿದ್ದರು. ನೆಲದ ಮೇಲೆ ನಿಂತವರು ಹಿಡಿದುಕೊಳ್ಳಲು ಎರಡು ಕಡ್ಡಿಗಳಿರುವ ಟ್ರಾನ್ಸ್‌ಮಿಟರ್ ಪೆಟ್ಟಿಗೆ, ವಿಮಾನದ ಹೊಟ್ಟೆಯೊಳಗೆ ಕೂರಲು ಒಂದು ರಿಸೀವರ್. ಕಡ್ಡಿಯನ್ನು ಎಷ್ಟು ತಳ್ಳಿದರೆ ವಿಮಾನದ ಬಾಲ ಅಷ್ಟೇ ತಿರುಗುತ್ತದೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದಕ್ಕೆ ಬೇರೆ ಯಾವ ಕಾರಣವೂ ಇಲ್ಲ, ಆ ಪೆಟ್ಟಿಗೆಯ ಒಳಗೆ ಏನಿದೆ ಎಂದು ಕೇಳಿದಾಗಲೆಲ್ಲ ಅವರು "ಮುಟ್ಬೇಡ, ಕೆಟ್ಟೋಗುತ್ತೆ" ಎನ್ನುತ್ತಿದ್ದರು. ಬೇಡ ಎಂದದ್ದನ್ನು ಮಾಡುವುದು ನನ್ನ ಹುಟ್ಟುಗುಣ.

ಎರಡು ಸಾವಿರದ ನಂತರದ ಮಾತು. ನಾನು ಕೋಲಾರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ, ದಿನಾ ಮುಳಬಾಗಿಲಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಚಿಕ್ಕಪ್ಪ ನಿವೃತ್ತರಾಗಿ ಮನೆಗೆ ಬಂದಿದ್ದರು. ಬಂದ ವರ್ಷ ಅವರು ಒಂದು ಪುಟ್ಟ ವಿಮಾನ ಕಟ್ಟಲು ಕೂತರು. ಬಾಲ್ಸಾ ಎಂಬ ಹಗುರ ಮರದ ಕಡ್ಡಿಗಳು, ಮೇಲೆ ಗಾಳಿಪಟದ ಕಾಗದ, ರೆಕ್ಕೆ ಒಂದೂವರೆ ಮೊಳ. ಅವರು ಮೊದಲಾದರೆ ಇಂಥದ್ದನ್ನು ಒಂದು ತಿಂಗಳಲ್ಲಿ ಕಟ್ಟುತ್ತಿದ್ದರು, ಇದಕ್ಕೆ ಹತ್ತು ತಿಂಗಳು ಹಿಡಿಯಿತು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಕೈ ಕೊಂಚ ಹದಕ್ಕೆ ಬರುವ ಒಂದು ಗಂಟೆಯಲ್ಲಿ ಎಷ್ಟು ಕೆಲಸವಾಗುತ್ತದೋ ಅಷ್ಟೇ. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬ್ಲೇಡು ಎಳೆಯುತ್ತಿದ್ದರು. ಕೆಟ್ಟುಹೋದ ಕಡ್ಡಿಗಳು ಒಲೆ ಸೇರುತ್ತಿದ್ದವು. ಮುಗಿದ ದಿನ ಅದನ್ನು ಹಜಾರದ ಗೂಡಿನಲ್ಲಿಟ್ಟು, "ಇನ್ಮೇಲೆ ಬ್ಲೇಡು ಹಿಡಿಯೋದು ಸಾಕಮ್ಮ. ಇದೇ ಕೊನೇದು" ಎಂದರು. ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ.

ಆದರೆ ಹಾರಿಸುವುದು ಹೇಗೆ? ಹಳೆಯ ರಿಸೀವರೂ ಬಾಲ ತಿರುಗಿಸುವ ಮೋಟಾರೂ ಸೇರಿದರೆ ವಿಮಾನಕ್ಕಿಂತ ಭಾರ. ನಾನು ಹಾಕಿಕೊಡುತ್ತೇನೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಏನ್ ಹಾಕ್ತೀಯಮ್ಮಾಯಿ?"

"ರಿಸೀವರ್‌ನ ಬಿಚ್ಚಿ ಚಿಕ್ಕದು ಮಾಡ್ತೀನಿ ಚಿಕ್ಕಪ್ಪ. ಬಾಲಕ್ಕೆ ಮೋಟಾರೇ ಬೇಡ, ಒಂದು ಕಾಯಿಲ್, ಒಂದು ಮ್ಯಾಗ್ನೆಟ್ ಸಾಕು."

"ಮೇಲೆ ಹೋದ್ಮೇಲೆ ಕೈಕೊಟ್ರೆ?"

"ಕೊಡಲ್ಲ."

"ಇನ್ನೊಂದು ಕಟ್ಟೋಕಾಗಲ್ಲ ಕಣಮ್ಮ," ಎಂದರು. ಅಷ್ಟೇ ಅಂದದ್ದು. ಒಂದು ವಾರ ಯೋಚನೆ ಮಾಡಿ, ಒಂದು ಗುರುವಾರ ವಿಮಾನವನ್ನು ತಾವೇ ತಂದು ನನ್ನ ಮೇಜಿನ ಮೇಲಿಟ್ಟರು.

ಮೂರು ತಿಂಗಳು ನನಗೆ ಬೇರೆ ಜ್ಞಾನವೇ ಇರಲಿಲ್ಲ. ಇಯರ್‌ಫೋನ್ ಒಡೆದು ಕಡಲೆಬೇಳೆಗಿಂತ ಸಣ್ಣ ಮ್ಯಾಗ್ನೆಟ್ ತೆಗೆದೆ. ಕೂದಲಿನಂಥ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಿ ಕಾಯಿಲ್ ಮಾಡಿದೆ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತಿತ್ತು, ಮಾತಾಡಿಸಿದವರಿಗೆ ಗ್ರಹಚಾರ ಬಿಡಿಸುತ್ತಿದ್ದೆ. ಕಾಯಿಲ್‌ಗೆ ಕರೆಂಟು ಕೊಟ್ಟರೆ ಮ್ಯಾಗ್ನೆಟ್ ಹೊರಳುತ್ತದೆ, ಅದರ ಜೊತೆ ಬಾಲವೂ ಹೊರಳುತ್ತದೆ. ರಿಸೀವರಿನ ಪ್ಲಾಸ್ಟಿಕ್ ಕಿತ್ತೆ, ಪಿನ್ನುಗಳನ್ನು ಕಿತ್ತೆ, ಬೋರ್ಡಿನ ಅಂಚನ್ನೂ ಅರದಲ್ಲಿ ಉಜ್ಜಿದೆ. ಹಳೆಯ ಮೊಬೈಲಿನ ಬ್ಯಾಟರಿ, ಒಂದು ಆಟಿಕೆಯ ಪುಟ್ಟ ಮೋಟಾರು. ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ನಮ್ಮ ಬೀದಿಯ ಅಕ್ಕಸಾಲಿಗರ ಅಂಗಡಿಗೆ ಹೋಗುತ್ತಿದ್ದೆ. ಊರಿನಲ್ಲಿ ಗ್ರಾಮಿನ ಹತ್ತನೇ ಒಂದು ಭಾಗವನ್ನು ತೂಗುವ ತಕ್ಕಡಿ ಇದ್ದುದು ಅಲ್ಲೇ. ಅವರು ಕಾಯಿಲನ್ನು ಚಿಮಟದಲ್ಲೆತ್ತಿ ತಿರುಗಿಸಿ ನೋಡಿ, "ಇದೇನಮ್ಮ, ಕಿವಿಗಾ ಮೂಗಿಗಾ?" ಎಂದು ಕೇಳುತ್ತಿದ್ದರು. ಚಿಕ್ಕಪ್ಪನ ವಿಮಾನಕ್ಕೆ ಎಂದರೆ, "ಹಂಗಾದ್ರೆ ಇನ್ನೂ ಸ್ವಲ್ಪ ಇಳ್ಸಿ, ಪಾಪ" ಎಂದು ತಾವೇ ತಂತಿಯ ತುದಿ ಕತ್ತರಿಸಿ ಕೊಡುತ್ತಿದ್ದರು.

ಎಲ್ಲ ಕೂಡಿಸಿ ವಿಮಾನದೊಳಗೆ ಹಾಕಿದ ದಿನ ಸಂಜೆ, ಹಜಾರದ ಮೇಜಿನ ಮೇಲೆ ಪರೀಕ್ಷೆ. ಚಿಕ್ಕಪ್ಪ ಟ್ರಾನ್ಸ್‌ಮಿಟರ್ ಹಿಡಿದು ಬಲಗಡೆಯ ಕಡ್ಡಿಯ ಮೇಲೆ ಹೆಬ್ಬೆರಳಿಟ್ಟರು. ಅವರು ಇನ್ನೂ ಯಾವ ಕಡೆಗೂ ತಳ್ಳಿರಲಿಲ್ಲ. ವಿಮಾನದ ಬಾಲ ತಾನಾಗಿಯೇ ನಡುಗತೊಡಗಿತು. ನಾನು ಸುತ್ತಿದ ಕಾಯಿಲ್ ಎಷ್ಟು ಚುರುಕಾಗಿತ್ತೆಂದರೆ ಅವರ ಬೆರಳಿನ ಒಂದೊಂದು ಅದುರನ್ನೂ ಹಾಗೇ ಬಾಲಕ್ಕೆ ಒಪ್ಪಿಸುತ್ತಿತ್ತು. ಅವರು ನೋಡಿದರು, ನಾನೂ ನೋಡಿದೆ. ಅಮ್ಮ ಅಡುಗೆಮನೆಯ ಬಾಗಿಲಿನಿಂದ ನೋಡಿ ಒಳಗೆ ಹೋದರು.

ಚಿಕ್ಕಪ್ಪ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು, "ಎಲ್ಲೋ ಲೂಸ್ ಕನೆಕ್ಷನ್ ಇರ್ಬೇಕು, ನೋಡಮ್ಮ" ಎಂದರು.

"ಹೌದು ಚಿಕ್ಕಪ್ಪ, ಇರ್ಬೇಕು. ನೋಡ್ತೀನಿ," ಎಂದೆ ನಾನು.

ಲೂಸ್ ಕನೆಕ್ಷನ್ ಎಲ್ಲೂ ಇರಲಿಲ್ಲ. ನನ್ನ ಬೆಸುಗೆಯನ್ನು ಯಾರಾದರೂ ಲೂಸ್ ಎಂದರೆ ನಾನು ಸುಮ್ಮನಿರುವವಳೂ ಅಲ್ಲ. ಅಂದು ಸುಮ್ಮನಿದ್ದೆ. ಮರುದಿನ ಲ್ಯಾಬಿನಲ್ಲಿ ಟ್ರಾನ್ಸ್‌ಮಿಟರ್ ಬಿಚ್ಚಿ, ಕಡ್ಡಿಯಿಂದ ಬರುವ ತಂತಿಗೆ ಒಂದು ರೆಸಿಸ್ಟರೂ ಒಂದು ಕೆಪಾಸಿಟರೂ ಹಾಕಿದೆ. ಕೆಪಾಸಿಟರ್ ಎಂದರೆ ಒಂದು ಪುಟ್ಟ ತೊಟ್ಟಿಯ ಹಾಗೆ, ತುಂಬಲು ಸ್ವಲ್ಪ ಹೊತ್ತು, ಬರಿದಾಗಲು ಸ್ವಲ್ಪ ಹೊತ್ತು. ಬೆರಳಿನ ಚಿಕ್ಕ ಅದುರು ಅಲ್ಲಿಯೇ ಕರಗಿಹೋಗುತ್ತದೆ, ಬೇಕೆಂದು ತಳ್ಳಿದ್ದು ಮಾತ್ರ ಮುಂದೆ ಹೋಗುತ್ತದೆ. ಮನೆಗೆ ಬಂದು ಪೆಟ್ಟಿಗೆ ಕೊಟ್ಟೆ. ಅವರು ಕಡ್ಡಿ ಹಿಡಿದರು. ಬಾಲ ಅಲುಗಲಿಲ್ಲ. ಎಡಕ್ಕೆ ತಳ್ಳಿದರು, ನಿಧಾನವಾಗಿ, ಗಂಭೀರವಾಗಿ ಎಡಕ್ಕೆ ತಿರುಗಿತು.

"ಲೂಸ್ ಕನೆಕ್ಷನ್ನೇ ಇತ್ತಾ?" ಎಂದು ಕೇಳಿದರು.

"ಇತ್ತು. ಬೆಸುಗೆ ಹಾಕ್ದೆ."

ನಾನು ಮನೆಯ ಪದ್ಧತಿಯನ್ನು ಮೀರಲಿಲ್ಲ ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಮೊಪೆಡ್‌ನಲ್ಲಿ ತಾಯಲೂರಿನ ಕಡೆಯ ಒಂದು ಕೆರೆಗೆ ಹೋದೆವು. ಗಾಡಿ ನಾನು ಓಡಿಸಿದೆ, ಅವರು ಹಿಂದೆ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆ ವರ್ಷ ಕೆರೆಯ ಅಂಗಳದಲ್ಲಿ ನೀರಿರಲಿಲ್ಲ, ಹಸಿರು ಗರಿಕೆ ಇತ್ತು. ನಾನು ಕೈಯೆತ್ತಿ ಬಿಟ್ಟೆ, ವಿಮಾನ ಏರಿತು. ಸದ್ದು ಒಂದು ಜೀರುಂಡೆಯಷ್ಟು. ಅದು ಏರಿಯನ್ನು ಬಳಸಿಕೊಂಡು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಬೆಳಗಿನ ಬಿಸಿಲಿಗೆ ರೆಕ್ಕೆಯ ಕಾಗದದೊಳಗಿನ ಕಡ್ಡಿಗಳೆಲ್ಲ ಕಾಣುತ್ತಿದ್ದವು, ಹತ್ತು ತಿಂಗಳ ಒಂದೊಂದು ಬೆಳಿಗ್ಗೆಯೂ ಕಾಣುತ್ತಿತ್ತು. ಚಿಕ್ಕಪ್ಪ ಅದನ್ನು ಕಾಲ ಬಳಿಯೇ ತಂದು ಹುಲ್ಲಿನ ಮೇಲಿಳಿಸಿದರು. ನನಗೆ ಅಳು ಬಂತು, ಮೋಟಾರಿನ ಬಿಸಿ ನೋಡುವ ನೆವದಲ್ಲಿ ಬಗ್ಗಿದೆ. ಅವರು ತಮ್ಮ ಬಲಗೈಯನ್ನು ಮುಂದೆ ಚಾಚಿ, ಒಮ್ಮೆ ಅಂಗೈ, ಒಮ್ಮೆ ಹಿಂಗೈ ತಿರುಗಿಸಿ ನೋಡಿಕೊಂಡರು.

ಅದಾದ ಮೇಲೆ ಪ್ರತಿ ಭಾನುವಾರ ಹೋದೆವು. ಚಿಕ್ಕಪ್ಪನ ನಡಿಗೆಯೇ ಬದಲಾಯಿತು. ಮಾತ್ರೆ ಹಿಡಿದಿದೆ ಎಂದು ಅಪ್ಪನ ಬಳಿ ಅಂದರಂತೆ. ಒಂದು ಬೆಳಿಗ್ಗೆ, "ಅತ್ತಿಗೆ, ಇವತ್ತು ಲೋಟ ತುಂಬಾ ಕೊಡಿ" ಎಂದು ಅಮ್ಮನನ್ನು ಕೇಳಿದರು. ಅಮ್ಮ ನನ್ನ ಮುಖ ನೋಡಿದರು, ತುಂಬಿಸಿ ಕೊಟ್ಟರು. ಅರ್ಧ ಪಂಚೆಯ ಮೇಲೆ ಬಿತ್ತು. "ಲೋಟ ತುಂಬಾ ಬಿಸಿ ಇತ್ತು" ಎಂದರು ಅಮ್ಮ. ಎಲ್ಲರೂ ಹೌದು ಎಂದೆವು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಚಳಿಗೆ ಅವರ ಕೈ ಇನ್ನೂ ಜಾಸ್ತಿ ನಡುಗುವುದು ಕಂಡು, ಯಾರಿಗೂ ಹೇಳದೆ ಪೆಟ್ಟಿಗೆ ಬಿಚ್ಚಿ ಇನ್ನೂ ದೊಡ್ಡ ಕೆಪಾಸಿಟರ್ ಹಾಕಿದೆ.

ಸಂಕ್ರಾಂತಿಗೆ ಹದಿನೈದು ದಿನ ಮುಂಚೆ, ಒಂದು ಭಾನುವಾರ, ಹೊರಡುವುದು ತಡವಾಯಿತು. ಕೆರೆಗೆ ಹೋಗುವಷ್ಟರಲ್ಲಿ ಗಾಳಿ ಎದ್ದಿತ್ತು. ಮೂರನೇ ಸುತ್ತಿಗೆ ಗಾಳಿ ವಿಮಾನವನ್ನು ಏರಿಯ ಮೇಲಿನ ಜಾಲಿ ಮರಗಳ ಕಡೆಗೆ ನೂಕಿತು. ಚಿಕ್ಕಪ್ಪ ಎಡಕ್ಕೆ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡೆ. ಸರಿಯಾದ ಹೊತ್ತಿಗೇ ತಳ್ಳಿದರು. ವಿಮಾನ ತಿರುಗಲಿಲ್ಲ. ಇನ್ನಷ್ಟು ತಳ್ಳಿದರು. ಆಮೇಲೆ ಎರಡು ಸಲ ತಳ್ಳಿದ್ದೂ ಒಟ್ಟಿಗೆ ಬಾಲಕ್ಕೆ ಹೋಗಿ ತಲುಪಿತು, ವಿಮಾನ ಒಮ್ಮೆಲೇ ಎಡಕ್ಕೆ ಬಾಗಿ, ಸುತ್ತಿಕೊಂಡು, ಜಾಲಿಯೊಳಕ್ಕೆ ಬಿತ್ತು.

ಮುಳ್ಳಿನೊಳಗಿನಿಂದ ತೆಗೆದಾಗ ಬಲ ರೆಕ್ಕೆ ಮೂರು ತುಂಡಾಗಿತ್ತು. ನನ್ನ ರಿಸೀವರು, ಕಾಯಿಲ್, ಮ್ಯಾಗ್ನೆಟ್, ಒಂದಕ್ಕೂ ಏನೂ ಆಗಿರಲಿಲ್ಲ. ಬಾಲ ಇನ್ನೂ ಹೇಳಿದ ಮಾತು ಕೇಳುತ್ತಿತ್ತು, ಸ್ವಲ್ಪ ತಡವಾಗಿ. ನನಗೆ ಆ ಕ್ಷಣಕ್ಕೇ ಗೊತ್ತಾಯಿತು ತಪ್ಪು ಯಾರದೆಂದು.

ಚಿಕ್ಕಪ್ಪ ತುಂಡುಗಳನ್ನು ಪೆಟ್ಟಿಗೆಯೊಳಗೆ ಹಾಕಿದರು. "ನಿಂದೇನೂ ತಪ್ಪಿಲ್ಲಮ್ಮ. ನೀನು ಹಾಕಿದ್ದು ಚೆನ್ನಾಗೇ ಇತ್ತು," ಎಂದರು. ಗಾಡಿ ಹತ್ತುವ ಮುಂಚೆ ಮತ್ತೆ ಅಂದರು, "ಈ ಕೈ ಕತೆ ಮುಗೀತು."

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೇಳಿದರೆ ಆ ಕೈಯ ಹೆಸರೆತ್ತಬೇಕಾಗುತ್ತಿತ್ತು. ಮನೆಗೆ ಬಂದು ಅವರು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದರು, ಟ್ರಾನ್ಸ್‌ಮಿಟರನ್ನು ನನಗೆ ಕೊಟ್ಟು, ನಿನ್ನ ಲ್ಯಾಬಿಗಾದರೂ ಆಗುತ್ತದೆ ಎಂದರು. ಸಂಕ್ರಾಂತಿ ಬಂತು, ಹೋಯಿತು. ಅವರು ಎಳ್ಳುಬೆಲ್ಲವನ್ನು ಎಡಗೈಯಲ್ಲಿ ತೆಗೆದುಕೊಂಡದ್ದನ್ನು ಕಂಡು ಅಮ್ಮ ತಲೆ ತಗ್ಗಿಸಿದರು. ಯಾರು ಬಂದರೂ ಆ ಬಲಗೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದರು.

ಮೂರು ವಾರ ತಡೆದೆ. ನಾಲ್ಕನೆಯ ಭಾನುವಾರ ಚಿಕ್ಕಪ್ಪ ಹಿತ್ತಲಿನ ಕಟ್ಟೆಯ ಮೇಲೆ ನೆನೆಹಾಕಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಹಿತುಕುತ್ತಾ ಕೂತಿದ್ದರು. ಆ ಕೆಲಸಕ್ಕೆ ನಡುಗುವ ಬೆರಳಾದರೂ ಆಗುತ್ತದೆ, ಕಾಳು ಸಿಪ್ಪೆಯಿಂದ ತಾನೇ ಜಾರುತ್ತದೆ. ನಾನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡೆ.

"ಚಿಕ್ಕಪ್ಪ, ಅವತ್ತು ಲೂಸ್ ಕನೆಕ್ಷನ್ ಇರ್ಲಿಲ್ಲ."

ಅವರು ಹಿತುಕುತ್ತಲೇ ಇದ್ದರು. ನಾನು ಎಲ್ಲವನ್ನೂ ಹೇಳಿದೆ. ಕೆಪಾಸಿಟರು, ಆಮೇಲೆ ಹಾಕಿದ ದೊಡ್ಡ ಕೆಪಾಸಿಟರು, ಅದರಿಂದ ಬಾಲ ತಡವಾಗಿ ತಿರುಗಿದ್ದು. ಕೈ ನಡುಗುತ್ತದೆ ಎಂಬ ಮಾತು ನನ್ನ ಬಾಯಿಂದ ಅವರೆದುರಿಗೆ ಬಂದದ್ದು ಅದೇ ಮೊದಲು.

ಅವರು ಕೈಯಲ್ಲಿದ್ದ ಸಿಪ್ಪೆ ಕೊಡವಿ ಕೇಳಿದರು, "ಎಷ್ಟು ತಡ?"

"ಅರ್ಧ ಸೆಕೆಂಡ್ ಇರ್ಬೋದು."

"ಅರ್ಧ ಸೆಕೆಂಡಿಗೆ ಅದು ಒಂದು ಮಾರು ಹೋಗುತ್ತೆ," ಎಂದು ಲೆಕ್ಕ ಹಾಕಿದರು. "ಹಂಗಾದ್ರೆ ಒಂದು ಮಾರು ಮುಂಚೆ ತಿರುಗಿಸ್ಬೇಕಿತ್ತು. ಅಷ್ಟೇ ತಾನೆ? ಹೇಳಿದ್ದಿದ್ರೆ ತಿರುಗಿಸ್ತಿದ್ದೆ."

ಆಮೇಲೆ ಸಿಟ್ಟು ಬಂತು. ಚಿಕ್ಕಪ್ಪನಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತದೆ, ಹಿಂದೆ ಕನ್ನಡ. "ಚಾಲು ಚಾಲು, ಸಾಕು," ಎಂದು ಬೋಗುಣಿ ಆಚೆ ತಳ್ಳಿದರು. "ಮೂರು ವಾರದಿಂದ ನಾನು ಈ ಕೈನ ಬೈಕೊಂಡು ಕೂತಿದ್ದೀನಿ ಕಣೇ. ಹತ್ತು ತಿಂಗಳು ಕಟ್ಟಿದ ಕೈ. ಅದರದ್ದೇನೂ ತಪ್ಪಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ. ಅರ್ಧ ಲೋಟ ಕಾಫಿ ಕೊಡ್ತೀರಲ್ಲ, ಅದು ನಂಗೆ ಕಾಣುತ್ತೆ. ಇನ್ನರ್ಧ ಬರುತ್ತೆ ಅಂತ ಗೊತ್ತಿದ್ದೇ ಕುಡೀತೀನಿ. ನೀನು ಮಾಡಿದ್ದು ಹಂಗಲ್ಲ."

ನಾನು ತಪ್ಪಾಯ್ತು ಎಂದೆ. ಹೇಳುತ್ತಾ ಅತ್ತೆ ಕೂಡ. ಅವರು ಸಮಾಧಾನ ಮಾಡಲಿಲ್ಲ, ಮೂಗು ಒರೆಸಿಕೋ, ಕಾಳಿನೊಳಗೆ ಬೀಳುತ್ತದೆ ಎಂದರು. ಬೋಗುಣಿ ಮತ್ತೆ ಎಳೆದುಕೊಂಡರು. ಇಬ್ಬರೂ ಸೇರಿ ಒಂದು ಸೇರು ಕಾಳು ಹಿತುಕಿದೆವು. ಮುಗಿದ ಮೇಲೆ ಅಂದರು, "ಅದನ್ನ ಕಿತ್ತು ಬಿಸಾಕ್ಬೇಡ. ಹೊರಗಡೆ ಒಂದು ತಿರುಪು ಇಡು, ರೇಡಿಯೋಗಿರುತ್ತಲ್ಲ, ಸೌಂಡ್ ಜಾಸ್ತಿ ಕಮ್ಮಿ ಮಾಡೋದು, ಅಂಥದ್ದು. ಎಷ್ಟು ಬೇಕೋ ನಾನೇ ತಿರುಗಿಸ್ಕೋತೀನಿ."

ಹಳೆಯ ರೇಡಿಯೋದ ತಿರುಪು ಹಾಕಿದೆ, ಸೊನ್ನೆಯಿಂದ ಹತ್ತರವರೆಗೆ ಗೆರೆ ಇರುವಂಥದ್ದು. ಸೊನ್ನೆಗಿಟ್ಟರೆ ಕೆಪಾಸಿಟರ್ ಇದ್ದೂ ಇಲ್ಲದ ಹಾಗೆ. ಅಟ್ಟದಿಂದ ಪೆಟ್ಟಿಗೆ ಇಳಿಸಿದೆವು. ರೆಕ್ಕೆಯ ಕೆಲಸಕ್ಕೆ ಬ್ಲೇಡನ್ನು ನನ್ನ ಕೈಗೆ ಕೊಟ್ಟರು. ಅವರು ಹೇಳಿದ ಹಾಗೆ ನಾನು ಕೊಯ್ದೆ, ಕೊಯ್ದದ್ದನ್ನೆಲ್ಲ ಅವರು ಸೊಟ್ಟ ಎಂದರು, ನಾನು ರೇಗಿದೆ, ಎರಡು ಸಲ ಬ್ಲೇಡು ಇಟ್ಟು ಎದ್ದೂ ಹೋದೆ. ಯುಗಾದಿಗೆ ಮುಂಚೆ ಮುಗಿಯಿತು. ಹೊಸ ರೆಕ್ಕೆ ನಿಜವಾಗಿಯೂ ಸೊಟ್ಟಗಿತ್ತು.

ಕೆರೆಗೆ ಹೋದ ದಿನ ಚಿಕ್ಕಪ್ಪ ತಿರುಪನ್ನು ಸೊನ್ನೆಗೆ ತಂದರು. ಬೇಡ ಚಿಕ್ಕಪ್ಪ ಎಂದೆ. ಕೇಳಲಿಲ್ಲ. ವಿಮಾನ ಮೇಲೆ ಹೋಯಿತು, ಅಷ್ಟೆತ್ತರದಲ್ಲಿ ಅದರ ಬಾಲ ನಡುಗುತ್ತಿರುವುದು ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಬಿಳಿಯ ಪುಟ್ಟ ವಿಮಾನ ಚಳಿಗೆ ನಡುಗುವವರ ಹಾಗೆ ನಡುಗುತ್ತಾ ಒಂದು ಸುತ್ತು ಬಂತು. ಬೀಳಲಿಲ್ಲ. ಅವರು ಬಾಯಿತುಂಬ ನಕ್ಕರು. "ನೋಡೇ, ನನ್ನ ಕೈ ಹೋಗ್ತಾ ಇರೋದು," ಎಂದರು. ಆಮೇಲೆ ಎಡಗೈಯ ಬೆರಳಿನಿಂದ ತಿರುಪನ್ನು ಮೂರಕ್ಕೆ ತಂದರು. "ಮೂರು," ಎಂದು ನನಗೆ ಕೇಳುವ ಹಾಗೆ ಹೇಳಿದರು. ಬಾಲದ ನಡುಕ ನಿಂತಿತು. ಜಾಲಿ ಮರ ಇನ್ನೂ ದೂರ ಇರುವಾಗಲೇ ಎಡಕ್ಕೆ ತಳ್ಳಿದರು.

ಅಂದಿನಿಂದ ಮನೆಯಲ್ಲಿ ಆ ಕೈಗೆ ಒಂದು ಲೆಕ್ಕ ಸಿಕ್ಕಿತು. ಇವತ್ತೆಷ್ಟು ಎಂದು ಅಮ್ಮನೂ ಕೇಳುತ್ತಿದ್ದರು. ಮೂರು ಅತ್ತಿಗೆ, ಮುಕ್ಕಾಲು ಲೋಟ ಕೊಡಿ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಮೂರು ನಾಲ್ಕಾಯಿತು, ಮುಂದಿನ ವರ್ಷ ಆರು. ಚಳಿಗಾಲದಲ್ಲಿ ಒಂದು ಜಾಸ್ತಿ, ಬೇಸಿಗೆಯಲ್ಲಿ ಒಂದು ಕಡಿಮೆ. ಡಾಕ್ಟರ ಎದುರಿಗೂ ಅದೇ ಲೆಕ್ಕ ಒಪ್ಪಿಸಿದರಂತೆ, ಅವರಿಗೆ ತಲೆಬುಡ ತಿಳಿಯಲಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಒಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಅವರಿಂದ ಫೋನ್ ಬಂತು. ಅವರು ಕೆಲಸದ ಹೊತ್ತಿನಲ್ಲಿ ಎಂದೂ ಮಾಡುತ್ತಿರಲಿಲ್ಲ. ಗಾಬರಿಯಿಂದ ಹೊರಗೆ ಬಂದು ಏನಾಯಿತು ಎಂದೆ.

"ಏನಿಲ್ಲ ಕಣಮ್ಮ. ಹತ್ತಕ್ಕಿಟ್ರೂ ಇವತ್ತು ಬಾಲ ನಿಲ್ತಿಲ್ಲ. ಬರೋವಾಗ ಇನ್ನೂ ದೊಡ್ಡದೊಂದು ಕೆಪಾಸಿಟರ್ ತಗೊಂಡ್ ಬಾ," ಎಂದರು. "ಮರೀಬೇಡ, ನಂಗೆ ಬೇಕು," ಎಂದೂ ಸೇರಿಸಿದರು.

ಐದೂವರೆಯ ಬಸ್ಸಿಗೆ ಕೂತೆ. ಕೆಪಾಸಿಟರ್ ಎಲ್ಲಿ ಬಿದ್ದುಹೋಗುತ್ತದೋ ಎಂದು ಮುಳಬಾಗಿಲು ಬರುವವರೆಗೂ ಮುಷ್ಟಿಯೊಳಗೇ ಹಿಡಿದುಕೊಂಡಿದ್ದೆ.